ಸ್ಪಷ್ಟನೆ: ಸಾವಯವ ಇಂಗಾಲವೊಂದೇ ಬರಕ್ಕೆ ಪರಿಹಾರವಲ್ಲ

‘ಮಣ್ಣಿನ ಸಾವಯವ ಇಂಗಾಲ ಶೇ 1ರಷ್ಟು ಹೆಚ್ಚಿದರೆ ಬರಗಾಲದಲ್ಲೂ ನೀರು ಹಾಯಿಸಬೇಕಿಲ್ಲ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಸಾವಯವ ಇಂಗಾಲವೆಂದರೆ ಕೊಳೆತ ಸೊಪ್ಪು, ಕಾಂಪೋಸ್ಟ್‌ನಂಥ ಜೈವಿಕ ವಸ್ತುಗಳಿಂದ ಮಣ್ಣಿಗೆ ಸೇರುವ ಇಂಗಾಲ. ಆ ಸಂದೇಶ ಸರಿಯಲ್ಲ. ಮಣ್ಣು ವಿಜ್ಞಾನಿಗಳಾದ ಮಿನಾಸ್ನಿ ಮತ್ತು ಮ್ಯಾಕ್‌ಬ್ರಾಟ್ನಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಣ್ಣಿನ ತೂಕದ ಶೇ 1ರಷ್ಟು ಇಂಗಾಲ ಹೆಚ್ಚಿದಾಗ ಬೆಳೆಗೆ ದಕ್ಕುವ ನೀರು 10 ಸೆಂ.ಮೀ. ಮಣ್ಣಿಗೆ ಸರಾಸರಿ 1.16 ಮಿ.ಮೀ. ಮಾತ್ರ ಹೆಚ್ಚುತ್ತದೆ. 30 ಸೆಂ.ಮೀ. ಆಳಕ್ಕೆ ಲೆಕ್ಕ ಹಾಕಿದರೂ ಮೂರೂವರೆ ಮಿ.ಮೀ.; ಸುಡುಬಿಸಿಲಿನಲ್ಲಿ ಬೆಳೆದು ನಿಂತ ಪೈರು ಅದನ್ನು ಒಂದೇ ದಿನದಲ್ಲಿ ಹೀರಿಬಿಡಬಲ್ಲದು. ಮರಳು ಮಣ್ಣಿನಲ್ಲಿ ಲಾಭ ತುಸು ಹೆಚ್ಚು, ಜೇಡಿಮಣ್ಣಿನಲ್ಲಿ ಕಡಿಮೆ.

ಹಾಗೆಂದು ಕಾಂಪೋಸ್ಟ್ ಹಾಕುವುದನ್ನು ದಯವಿಟ್ಟು ನಿಲ್ಲಿಸಬೇಡಿ. ಮಣ್ಣು ಸಡಿಲವಾಗಿ ಮಳೆನೀರು ಇಂಗಲು ಅದು ಬೇಕೇ ಬೇಕು. ಜೊತೆಗೆ ನೆಲಕ್ಕೆ ಹೊದಿಕೆಯೂ ಕೃಷಿ ಹೊಂಡದ ನೀರೂ ಇರಲಿ. ನೀರಿನ ಕೊರತೆ ಇರುವ ಸಣ್ಣ ರೈತರೇ ವಾಟ್ಸ್‌ಆ್ಯಪ್ ಸಂದೇಶವನ್ನು ನಂಬಿ ಬೆಳೆ ಕಳೆದುಕೊಳ್ಳುವ ಆತಂಕವಿದೆ. ಆ ಸಂದೇಶವನ್ನು ಯಾರಿಗೂ ಕಳುಹಿಸಬೇಡಿ.