ಮುಟ್ಟಬೇಡಿ, ಡ್ರಿಲ್ ಹಾಕ್ಬಹುದು

ಹಂಪಿಗೆ ಹೋಗೋರು ಜೇಬಲ್ಲಿ ಐವತ್ತರ ಹೊಸ ನೋಟು ಇಟ್ಕೊಂಡಿರಿ. ಖರ್ಚಿಗಲ್ಲ. ವಿಜಯ ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮುಂದೆ ನೋಟು ಹಿಡ್ಕೊಂಡು, ನೋಟಿನ ರಥ ಮತ್ತೆ ಅಸಲಿ ರಥ ಎರಡೂ ಒಂದೇ ಫ್ರೇಮಲ್ಲಿ ಬರೋ ಹಾಗೆ ಫೋಟೋ ತೆಗೀಲಿಲ್ಲ ಅಂದ್ರೆ ನೀವು ಹಂಪಿಗೆ ಹೋಗಿದ್ರಿ ಅಂತ ಯಾರೂ ನಂಬಲ್ಲ. ಅಸಲಿ ರಥಕ್ಕೆ ಬೇಲಿ ಇದೆ, ಹತ್ರ ಸುಳಿಯೋ ಹಾಗಿಲ್ಲ. ನೋಟಲ್ಲಿರೋದನ್ನ ಮಡಚಿ, ಒದ್ದೆ ಮಾಡಿ, ಪೆನ್ನಲ್ಲಿ ಲವರ್ ಹೆಸರು ಬರೀರಿ, ಅದಕ್ಕೆ ಯಾರೂ ವಿಸಿಲ್ ಊದಲ್ಲ.

ಪಕ್ಕದ ಸಂಗೀತ ಕಂಬಗಳನ್ನೂ ತಟ್ಟೋ ಹಾಗಿಲ್ಲ. ಸರಿಯಾದ ರೂಲ್ಸೇ ಬಿಡಿ, ನಮ್ಮ ಜನರ ಕೈ ಸುಮ್ನಿರಲ್ಲ. 2019ರಲ್ಲಿ ಹುಡುಗರು ಹಂಪಿಯಲ್ಲೇ ಬೇರೆ ಕಡೆ ಒಂದು ಕಂಬ ತಳ್ಳಿ ಬೀಳ್ಸಿದ ವಿಡಿಯೋ ವೈರಲ್ ಆಗಿ, ಪೊಲೀಸ್ರು ಹಿಡಿದು, ಕೋರ್ಟು ತಲಾ 70,000 ರೂಪಾಯಿ ದಂಡ ಹಾಕಿ, ಕೊನೆಗೆ ಅವರ ಕೈಲೇ ಕಂಬ ಎತ್ತಿ ನಿಲ್ಲಿಸ್ತು ನೋಡಿ. ಟೆಂಡರ್ ಇಲ್ಲ, ಎಸ್ಟಿಮೇಟ್ ಇಲ್ಲ, ಗುದ್ದಲಿ ಪೂಜೆ ಇಲ್ಲ, ಮೇಲಿಂದ ಕೆಲಸ ಮಾಡಿದೋರೇ ಸರ್ಕಾರಕ್ಕೆ ದುಡ್ಡು ಕಟ್ಟಿದ್ರು! ವರ್ಷಕ್ಕೊಂದು ಬ್ಯಾಚ್ ಪುಂಡರು ಸಿಕ್ಕಿದ್ರೆ ಇಡೀ ಹಂಪಿ ಎದ್ದು ನಿಲ್ಲುತ್ತೆ.

ಆದ್ರೆ ಈ ದಂಡ ಗಿಂಡ ಎಲ್ಲ ಬರಿಗೈಲಿ ಬಂದೋರಿಗೆ. 2024ರಲ್ಲಿ ಮುಜರಾಯಿ ಇಲಾಖೆಯೋರೇ ವಿರೂಪಾಕ್ಷ ದೇವಸ್ಥಾನದ ಕಂಬಕ್ಕೇ ಡ್ರಿಲ್ ಹಾಕಿ ಮೊಳೆ ಹೊಡೆದ್ರಲ್ಲ, ಅದಕ್ಕೆ ಬಂದಿದ್ದು ಒಂದು ನೋಟಿಸು. ಅಲ್ಲಿ ಕಲ್ಲು ಪುರಾತತ್ವ ಇಲಾಖೆದು, ಪೂಜೆ ಹುಂಡಿ ಮುಜರಾಯಿದು, ಹಾಗಾಗಿ ಒಬ್ರು ಪತ್ರ ಬರೀತಾರೆ ಇನ್ನೊಬ್ರು ಉತ್ತರ ಬರೀತಾರೆ, ವಿರೂಪಾಕ್ಷ ಸಾಕ್ಷಿ.

ಈಗ ದೇವಸ್ಥಾನದ ಎದುರಿನ ಬಜಾರಿಗೆ ಬನ್ನಿ. ಇಲ್ಲಿ ಮುತ್ತು ರತ್ನ ಸೇರಲ್ಲಿ ಅಳೆದು ಮಾರ್ತಿದ್ರು ಅಂತ ಗೈಡ್ ಎದೆ ಉಬ್ಬಿಸಿ ಹೇಳ್ತಾನೆ, ಆಮೇಲೆ ಅದೇ ಬೀದೀಲಿ ಇಡ್ಲಿ, ಬಾಳೆಹಣ್ಣು, ಟೀ ಮಾರ್ತಿದ್ದೋರು ಎಲ್ಲಿ ಹೋದ್ರು ಅಂತ ಕೇಳಿ, ಮಾತು ಬದಲಾಯಿಸ್ತಾನೆ. ಮುತ್ತು ಮಾರಿದ್ರೆ ವೈಭವ, ಮಿರ್ಚಿ ಮಾರಿದ್ರೆ ಒತ್ತುವರಿ. 2011ರಲ್ಲಿ ಜೆಸಿಬಿ ತಂದು ಮನೆ ಅಂಗಡಿ ಎಲ್ಲ ಕೆಡವಿ ಜನರನ್ನ ಎಬ್ಬಿಸಿದ್ರು, ಯಾಕಂದ್ರೆ ಬೀದಿ ಉದ್ದಕ್ಕಿರೋ ಹಳೇ ಕಲ್ಲಿನ ಸಾಲುಮಂಟಪ ಉಳೀಬೇಕಿತ್ತು. ಮಂಟಪಕ್ಕೆ ಅಡ್ಡ ಗೋಡೆ ಎಬ್ಬಿಸಿ, ಶಟರ್ ಹಾಕಿ ಸಂಸಾರ ಹೂಡಿದ್ದೋರು ಇದ್ರು, ಇಲ್ಲ ಅನ್ನಲ್ಲ. ಆದ್ರೆ ಎಬ್ಬಿಸಿದ ಮೇಲೆ ಏನಾಯ್ತು? 2024ರ ಮೇನಲ್ಲಿ ಮಳೆ ಬಂತು, ಸಾಲುಮಂಟಪದ ಒಂದು ಭಾಗ ದಬಕ್ ಅಂತ ಬಿತ್ತು. ಒಲೆ ಹೊಗೆ, ಮಕ್ಕಳ ಗಲಾಟೆ, ಅಂಗಡಿ ಬೋರ್ಡಿನ ಮೊಳೆ ಎಲ್ಲ ತಡ್ಕೊಂಡಿದ್ದ ಕಲ್ಲಿಗೆ ಸಂರಕ್ಷಣೆ ತಡ್ಕೊಳ್ಳೋಕಾಗ್ಲಿಲ್ಲ ಪಾಪ. ಈ ಸಲ ಬೈಯೋಕೆ ಇಡ್ಲಿಯೋನೂ ಇಲ್ಲ, ಅದಕ್ಕೆ ಮಳೆನ ಬೈದ್ವಿ.

ಹಂಪಿ ಉತ್ಸವದ ಸಂಭ್ರಮ ಮಾತ್ರ ಕಮ್ಮಿ ಆಗಲ್ಲ. ಗತವೈಭವ ಮರುಕಳಿಸಲಿ ಅಂತ ಭಾಷಣ, ಎದೆ ನಡುಗೋ ಸ್ಪೀಕರ್, ಅದು ಸಾಲದು ಅಂತ ‘ಹಂಪಿ ಬೈ ಸ್ಕೈ’ ಅಂತ ಹೆಲಿಕಾಪ್ಟರ್ ಬೇರೆ. ಬೆರಳಲ್ಲಿ ತಟ್ಟಿದ್ರೆ ಕಂಬಕ್ಕೆ ಪೆಟ್ಟಾಗುತ್ತೆ, ಮೇಲೆ ಹೆಲಿಕಾಪ್ಟರ್ ಗಡಗಡ ಅಂದ್ರೆ ಪ್ರವಾಸೋದ್ಯಮ. ಮಾತಂಗ ಬೆಟ್ಟ ಹತ್ತಿದ್ರೆ ಇಡೀ ಹಂಪಿ ಬಿಟ್ಟಿಯಾಗಿ ಕಾಣುತ್ತೆ, ಆದ್ರೆ ಅಲ್ಲಿ ರಿಬ್ಬನ್ ಕಟ್ಟೋಕೆ ಜಾಗ ಇಲ್ವಂತೆ.