ಬೋರ್ಡ್ ಕಾಣಲಿಲ್ವಾ ಅಂತ ಕೇಳಿದ

"ಬೋರ್ಡ್ ಕಾಣಲಿಲ್ವಾ ನಿಮಗೆ?" ನಿನ್ನೆಯಿಂದ ಇದೊಂದೇ ಮಾತು ಕಿವಿಯಲ್ಲಿ ಕೂತಿದೆ. ರಾತ್ರಿ ನಿದ್ದೆ ಬರಲಿಲ್ಲ.

ಬೋರ್ಡ್ ಇದ್ದದ್ದು ಆಸ್ಪತ್ರೆಯ ಎಕ್ಸ್‌ರೇ ಕೋಣೆಯ ಬಾಗಿಲ ಹೊರಮೈಗೆ. ಆ ಬಾಗಿಲು ಪೂರ್ತಿ ತೆರೆದು ಗೋಡೆಗೆ ಒರಗಿತ್ತು. ಗೋಡೆ ಓದಬೇಕಿತ್ತಾ ಅದನ್ನ? ಮೇಲಿನ ಕೆಂಪು ದೀಪ ಹೊತ್ತಿಯೇ ಇರಲಿಲ್ಲ. ಮಾವನವರು ಸಂಕದ ಮೇಲೆ ಜಾರಿ ಮಣಿಕಟ್ಟು ಊದಿತ್ತು. ಎಕ್ಸ್‌ರೇ ತೆಗೆಯೋ ಹುಡುಗನೇ "ಯಾರಾದ್ರೂ ಒಬ್ಬರು ಬಂದು ಕೈ ಹಿಡ್ಕೊಳಿ" ಅಂದ. ನಮ್ಮನೆಯವರು ಬಿಲ್ ಕಟ್ಟಲು ಹೋಗಿದ್ದರು. ನಾನು ಹೋದೆ. ಕಿರಣ ತಡೆಯೋ ಸೀಸದ ಏಪ್ರನ್ ಅಲ್ಲೇ ಮೊಳೆಗೆ ನೇತಾಡುತ್ತಿತ್ತು, ಯಾರೂ ಕೊಡಲಿಲ್ಲ.

ಹೊರಗೆ ಬಂದ ಮೇಲೆ ಬಾಗಿಲು ಹಾಕಿದರು. ಆಗ ಕಂಡಿತು. ಹಳದಿ ಹಲಗೆ, ಫ್ಯಾನ್ ರೆಕ್ಕೆಯಂಥ ಚಿತ್ರ, ಕೆಳಗೆ ಎರಡು ಸಾಲು ಇಂಗ್ಲಿಷ್. ಅದರಲ್ಲಿ 'ಪ್ರೆಗ್ನೆಂಟ್' ಅನ್ನೋದು ಓದಿದೆ. ಕೈಕಾಲು ತಣ್ಣಗಾಯಿತು. ಆ ಹುಡುಗನ ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ, "ನನಗೆ ಎರಡು ತಿಂಗಳು, ಏನಾದ್ರೂ ಆಗುತ್ತಾ?"

"ಏನ್ರೀ, ಪ್ರೆಗ್ನೆಂಟಾ? ಮೊದಲೇ ಹೇಳಕ್ಕೆ ಏನಾಗಿತ್ತು? ಬೋರ್ಡ್ ಕಾಣಲಿಲ್ವಾ ನಿಮಗೆ?"

ಎಷ್ಟು ಜೋರಾಗಿ ಅಂದರೆ, ಬೆಂಚಿನ ಮೇಲೆ ಕೂತವರೆಲ್ಲ ತಿರುಗಿದರು. ಒಬ್ಬಾಕೆ ನನ್ನ ಹೊಟ್ಟೆ ನೋಡಿದಳು. ಮಾವನವರು ಊದಿದ ಕೈ ಎದೆಗೆ ಒತ್ತಿಕೊಂಡು ಅಲ್ಲೇ ನಿಂತಿದ್ದರು. ಅವರು ತಲೆ ತಗ್ಗಿಸಿದರು. ನಾನು ಸೆರಗು ಎಳೆದುಕೊಂಡು ನಿಂತೆ, ತಪ್ಪು ಮಾಡಿದವಳ ಹಾಗೆ.

ಆಮೇಲೆ ಡಾಕ್ಟರ್ ಸಮಾಧಾನವಾಗಿ ಹೇಳಿದರು. ಮೈಗೆ ತಾಗೋ ಕಿರಣವನ್ನ ಮಿಲಿಸೀವರ್ಟ್ ಅಂತ ಅಳೀತಾರಂತೆ; ಕೈ ಎಕ್ಸ್‌ರೇ ಅಂದರೆ 0.001 ಮಿಲಿಸೀವರ್ಟ್‌ಗಿಂತ ಕಡಿಮೆ, ಪಕ್ಕದಲ್ಲಿ ನಿಂತವರಿಗೆ ಅದಕ್ಕಿಂತಲೂ ಕಡಿಮೆ. ಮಣ್ಣು, ಕಲ್ಲು, ಆಕಾಶದಿಂದಲೇ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬರುತ್ತಂತೆ. ಮಗುವಿಗೆ ಏನೂ ಆಗಲ್ಲ, ಆದರೆ ಬಸುರಿಯನ್ನ ಒಳಗೆ ನಿಲ್ಲಿಸಲೇಬಾರದಿತ್ತು ಅಂದರು. ಇದನ್ನ ಮೊದಲೇ ಯಾರೂ ಯಾಕೆ ಹೇಳಲ್ಲ?

ಹೋಗಲಿ ಬಿಡಿ. ಆ ಹುಡುಗ ಒಬ್ಬನೇ, ಹೊರಗೆ ಅಷ್ಟು ಜನ. ಬೆಳಗ್ಗೆಯಿಂದ ಏನಾದರೂ ತಿಂದಿದ್ದನೋ ಇಲ್ಲವೋ. ಏನೂ ಆಗಲ್ಲ ಅಂದ ಮೇಲೆ ನಾನ್ಯಾಕೆ ಸುಮ್ನೆ ಕುದಿಯಬೇಕು?

ಇಲ್ಲ, ಬಿಡಕ್ಕಾಗಲ್ಲ. "ಬಸುರಿಯಾ?" ಅಂತ ಒಂದು ಮಾತು ಕೇಳಕ್ಕೆ ಎಷ್ಟು ಹೊತ್ತು ಬೇಕು? ನಮ್ಮ ಕಡೆ ಮಂಗನ ಕಾಯಿಲೆ ಬಂದಾಗ ಮನೆಮನೆಗೆ ಬಂದು ಹೇಳ್ತಾರೆ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಕಾಡಿಗೆ ಹೋಗುವಾಗ ಉಣ್ಣೆ ಕಚ್ಚದ ಹಾಗೆ ಡೇಪಾ ಎಣ್ಣೆ ಹಚ್ಚಿಕೊಳ್ಳಿ ಅಂತ. ಕನ್ನಡದಲ್ಲಿ ಹೇಳ್ತಾರೆ, ನಾವು ಕೇಳ್ತೀವಿ. ಕಾಡಿನ ಉಣ್ಣೆ ಬಗ್ಗೆ ಹೇಳಕ್ಕೆ ಆಗುತ್ತೆ, ಶಿವಮೊಗ್ಗದ ನಡುಮಧ್ಯೆ ಇರೋ ಆಸ್ಪತ್ರೆಯಲ್ಲಿ ಒಂದು ಬಾಗಿಲ ಬಗ್ಗೆ ಹೇಳಕ್ಕೆ ಆಗಲ್ವಾ? ಎಕ್ಸ್‌ರೇ ಯಂತ್ರಗಳ ಮೇಲೂ ಕಣ್ಣಿಡೋ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ 1983ರಿಂದ ಇದೆ. ಯಂತ್ರ ನಡೆಯುವಾಗ ಕೆಂಪು ದೀಪ ಹೊತ್ತಿರಬೇಕು ಅನ್ನೋದು ಅದರದೇ ನಿಯಮ. ಆ ದೀಪ ಯಾಕೆ ಆರಿತ್ತು? ಯಾರಾದ್ರೂ ಉತ್ತರ ಕೊಡಿ.

ಮೂರು ತಿಂಗಳು ತುಂಬಲಿ ಅಂತ ಯಾರಿಗೂ ಹೇಳಿರಲಿಲ್ಲ. ನಾಗರಪಂಚಮಿಗೆ ತವರಿಗೆ ಹೋದಾಗ ಅಮ್ಮನ ಕಿವಿಯಲ್ಲಿ ಹೇಳಬೇಕು ಅಂದುಕೊಂಡಿದ್ದೆ. ರಾತ್ರಿ ಅತ್ತೆಯೇ ಫೋನ್ ಮಾಡಿ ಅಮ್ಮನಿಗೆ ಹೇಳಿದರಂತೆ. ಅಮ್ಮ ನನಗೆ ಫೋನ್ ಮಾಡಿದಾಗ ಮೊದಲು ಕೇಳಿದ್ದೇ, "ಎಕ್ಸ್‌ರೇ ರೂಮಿಗೆ ಯಾಕೆ ಹೋದೆ?" ಅಂತ.