ಆ ವೈರ್ ಕತ್ತರಿಸಬೇಡಿ

ಈಗಷ್ಟೇ ಮನೆಗೆ ಬಂದೆ. ಕೋಪ ಇನ್ನೂ ಇಳಿದಿಲ್ಲ. ಇಲ್ಲಿ ಬರೆಯದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ.

ಮೈಸೂರಿನ ಒಂದು ಕಾರ್ ಆಕ್ಸೆಸರೀಸ್ ಅಂಗಡಿ. ಹೆಸರು ಬೇಡ. ನನ್ನ ಮುಂದೆ ಒಂದು ಹೊಸ ಕಾರು ನಿಂತಿತ್ತು. ಬಾನೆಟ್ ಮೇಲಿನ ಅರಿಶಿನ ಕುಂಕುಮ ಇನ್ನೂ ಮಾಸಿರಲಿಲ್ಲ. ಕೆಲಸದ ಹುಡುಗ ಕಂಪನಿ ಸ್ಟೀರಿಯೊ ಹೊರಗೆ ಎಳೆದ, ಕಟಿಂಗ್ ಪ್ಲೇಯರ್ ತೆಗೆದುಕೊಂಡು ಗಾಡಿಯ ವೈರ್‌ಗಳನ್ನು ಅದಕ್ಕೆ ಸೇರಿಸುವ ಸಾಕೆಟ್ಟನ್ನು ಬುಡದಲ್ಲೇ ಕತ್ತರಿಸಿಬಿಟ್ಟ. ಎರಡು ನಿಮಿಷವೂ ಹಿಡಿಯಲಿಲ್ಲ. ಗಾಡಿಯ ಮಾಲೀಕರು ಹೊರಗೆ ಕಾಫಿ ಕುಡಿಯುತ್ತಿದ್ದರು. ಪಾಪ, ಅವರಿಗೆ ಗೊತ್ತೇ ಇಲ್ಲ.

"ಕಪ್ಲರ್ ಹಾಕಬಹುದಿತ್ತಲ್ಲಪ್ಪ?" ಅಂದೆ. ಗಾಡಿಯ ಸಾಕೆಟ್ಟಿಗೂ ಹೊಸ ಸ್ಟೀರಿಯೊಗೂ ನಡುವೆ ಸಿಗಿಸುವ ರೆಡಿಮೇಡ್ ವೈರ್ ಅದು. ಅದಿದ್ದರೆ ಏನನ್ನೂ ಕತ್ತರಿಸಬೇಕಿಲ್ಲ.

"ಈ ಗಾಡಿದು ಸ್ಟಾಕ್ ಇಲ್ಲ ಸರ್. ಏನೂ ಆಗಲ್ಲ, ಟೇಪ್ ಸುತ್ತಿಬಿಡ್ತೀನಿ" ಅಂದ.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಕೆಲಸ ಕಲಿಸಿದ್ದೇ ಹಾಗೆ. ಸಿಟ್ಟಿರುವುದು ಮುನ್ನೂರು ನಾನೂರು ರೂಪಾಯಿಯ ಕಪ್ಲರ್ ತರಿಸಿಡದೆ, ಹತ್ತು ಲಕ್ಷದ ಗಾಡಿಯ ವೈರ್ ಕತ್ತರಿಸಲು ಹೇಳುವವರ ಮೇಲೆ.

ನಾನು ಅಲ್ಲಿಗೆ ಹೋಗಿದ್ದೂ ಇದೇ ಕಾರಣಕ್ಕೆ. ಮಂಡ್ಯದ ಭಾವ ಹೋದ ತಿಂಗಳು ಅಲ್ಲೇ ಒಂಬತ್ತು ಇಂಚಿನ ಆಂಡ್ರಾಯ್ಡ್ ಸ್ಟೀರಿಯೊ ಹಾಕಿಸಿದ್ದರು. ಮೊನ್ನೆ ಫೋನ್ ಮಾಡಿ, "ಗಾಡಿ ಆಫ್ ಮಾಡಿದ್ರೆ ಟೈಮು, ಸ್ಟೇಷನ್ನು ಎಲ್ಲಾ ಮರ್ತೋಯ್ತದೆ ಕಣೋ. ಆಕಾಶವಾಣಿನೂ ಬರೀ ಗೊರಗೊರ ಅಂತದೆ" ಅಂದರು. ದಿನಾ ಬೆಳಿಗ್ಗೆ ಮಂಡ್ಯದಿಂದ ಮೈಸೂರಿಗೆ ಬರುವವರು ಅವರು. ದಾರಿಯುದ್ದಕ್ಕೂ ಮೈಸೂರು ಆಕಾಶವಾಣಿಯ ಎಫ್‌ಎಂ 100.6 ಹಾಕಿಕೊಂಡೇ ಬರುತ್ತಾರೆ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಶುರು ಮಾಡಿದ ಬಾನುಲಿ ಅದು. ಆಕಾಶವಾಣಿ ಅನ್ನುವ ಹೆಸರನ್ನು ದೇಶಕ್ಕೇ ಕೊಟ್ಟ ಊರಿನಲ್ಲಿ, ಸಾವಿರಾರು ರೂಪಾಯಿ ಕೊಟ್ಟು ಹಾಕಿಸಿದ ಸ್ಟೀರಿಯೊದಲ್ಲಿ ಆಕಾಶವಾಣಿ ಕೇಳಿಸುವುದಿಲ್ಲ ಅಂದರೆ ಹೊಟ್ಟೆ ಉರಿಯುತ್ತದೆ.

ಇವತ್ತು ಬೆಳಿಗ್ಗೆ ಬಿಚ್ಚಿ ನೋಡಿದೆ. ಅಂದುಕೊಂಡದ್ದೇ ಆಗಿತ್ತು. ಸ್ಟೀರಿಯೊದ ಹಳದಿ ವೈರ್‌ಗೆ ಯಾವಾಗಲೂ ಬ್ಯಾಟರಿಯ 12 ವೋಲ್ಟ್ ಸಿಗಬೇಕು. ನೆನಪು ಉಳಿಯುವುದು ಅದರಿಂದಲೇ. ಕೆಂಪು ವೈರ್‌ಗೆ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರಬೇಕು. ಇಲ್ಲಿ ಹಳದಿ, ಕೆಂಪು ಎರಡನ್ನೂ ಸೇರಿಸಿ ಕೀ ಲೈನಿಗೇ ಕೊಟ್ಟಿದ್ದರು. ಎರಡನ್ನೂ ಬ್ಯಾಟರಿ ಲೈನಿಗೆ ಕೊಟ್ಟಿದ್ದರೆ ಇನ್ನೂ ಕಷ್ಟ, ನಿಂತಲ್ಲೇ ಬ್ಯಾಟರಿ ಇಳಿಯುತ್ತಿತ್ತು. ಆಂಟೆನಾ ಬೂಸ್ಟರ್‌ಗೆ ಕರೆಂಟ್ ಕೊಡುವ ನೀಲಿ ವೈರ್ ಸುಮ್ನೆ ನೇತಾಡುತ್ತಿತ್ತು. ಗೊರಗೊರ ಬರದೆ ಇನ್ನೇನು ಬರುತ್ತದೆ? ಸ್ಟೀರಿಯೊ ಕಡೆಯ ಬಣ್ಣಗಳೇನೋ ಹೆಚ್ಚುಕಮ್ಮಿ ಒಂದೇ ಇರುತ್ತವೆ. ಗಾಡಿ ಕಡೆಯ ಬಣ್ಣಗಳು ಒಂದೊಂದು ಕಂಪನಿಗೆ ಒಂದೊಂದು ಥರ. ಸಾಕೆಟ್ ಕತ್ತರಿಸಿದ ಮೇಲೆ ಯಾವುದಕ್ಕೆ ಯಾವುದು ಅಂತ ಊಹೆಯ ಮೇಲೆ ಸೇರಿಸುತ್ತಾರೆ. ಸರಿಯಾದ ಕಪ್ಲರ್ ಇದ್ದರೆ ಊಹೆಯೇ ಬೇಡ. ಒಂದು ಕಡೆ ಗಾಡಿಯ ಸಾಕೆಟ್, ಇನ್ನೊಂದು ಕಡೆ ಸ್ಟೀರಿಯೊ. ನಾಳೆ ಗಾಡಿ ಮಾರುವಾಗ ಹಳೇ ಸ್ಟೀರಿಯೊ ವಾಪಸ್ ಸಿಗಿಸಿಬಿಡಬಹುದು. ಕತ್ತರಿಸಿದ ವೈರ್ ನೋಡಿದರೆ ಶೋರೂಮಿನವರು ಎಲೆಕ್ಟ್ರಿಕಲ್ ವಾರಂಟಿಗೆ ತಕರಾರು ತೆಗೆಯುತ್ತಾರೆ, ಅದು ಬೇರೆ.

"ಟೇಪ್ ಸುತ್ತಿದ ಗಾಡಿಗಳೂ ಹತ್ತು ವರ್ಷ ಓಡುತ್ತಿವೆ" ಅಂತ ಯಾರಾದರೂ ಹೇಳೇ ಹೇಳುತ್ತೀರಿ. ಓಡುತ್ತಿರಬಹುದು. ಏಪ್ರಿಲ್ ಬಿಸಿಲಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಗಾಡಿಯ ಡ್ಯಾಶ್‌ಬೋರ್ಡ್ ಮುಟ್ಟಿ ನೋಡಿ. ಆ ಕಾವಿಗೆ ಟೇಪಿನ ಅಂಟು ಇಳಿದು ಬಿಚ್ಚಿಕೊಳ್ಳುತ್ತದೆ. ಒಳಗಿನ ತಾಮ್ರ ಹೊರಗೆ ಕಾಣುತ್ತದೆ.

ನನಗಿದು ಗೊತ್ತಿರುವುದು ಓದಿ ಅಲ್ಲ. 2014ರಲ್ಲಿ ನನ್ನ ಮೊದಲ ಕಾರಿಗೆ ನಾನೂ ಹೀಗೇ ಹಾಕಿಸಿದ್ದೆ. ಕಪ್ಲರ್ ಅಂತ ಒಂದು ಇದೆ ಅನ್ನುವುದೇ ಗೊತ್ತಿರಲಿಲ್ಲ. ಒಂದು ಸಂಜೆ ಶ್ರೀರಂಗಪಟ್ಟಣ ದಾಟುವಾಗ ಸುಟ್ಟ ವಾಸನೆ ಬಂತು, ಡ್ಯಾಶ್‌ಬೋರ್ಡ್ ಸಂದಿಯಿಂದ ಹೊಗೆ. ಹಿಂದಿನ ಸೀಟಿನಲ್ಲಿ ಮಗು ಮಲಗಿತ್ತು. ಹೆಂಡತಿ ಮಗುವನ್ನು ಎತ್ತಿಕೊಂಡು ರಸ್ತೆ ಬದಿಗೆ ಓಡಿದಳು, ನಾನು ಬ್ಯಾಟರಿ ವೈರ್ ಕಿತ್ತೆ. ಹಳದಿ ವೈರಿನ ಟೇಪ್ ಬಿಚ್ಚಿಕೊಂಡು ತಗಡಿಗೆ ತಾಗಿತ್ತು. ಫ್ಯೂಸ್ ಹೋಗಬೇಕಿತ್ತು ಅಲ್ವಾ? ಫ್ಯೂಸ್ ಜಾಗದಲ್ಲಿ ತಾಮ್ರದ ಎಳೆ ಸುತ್ತಿದ್ದರು. ಹತ್ತು ರೂಪಾಯಿಯ ಫ್ಯೂಸ್. ಆ ಸಂಜೆಯ ಮಾತು ಈಗ ತೆಗೆದರೂ ಹೆಂಡತಿ ಎದ್ದು ಒಳಗೆ ಹೋಗಿಬಿಡುತ್ತಾಳೆ.

ಸ್ಟೀರಿಯೊ ಆರಿಸುವಾಗ ನಾವು ಎಷ್ಟು ಇಂಚು, ಎಷ್ಟು ಜಿಬಿ ರ್‍ಯಾಮ್, ಎಷ್ಟು ವ್ಯಾಟ್ ಅಂತ ಕೇಳುತ್ತೇವೆ. ಡಬ್ಬದ ಮೇಲೆ 50 ವ್ಯಾಟ್, ನಾಲ್ಕು ಚಾನೆಲ್ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅದು ಕ್ಷಣಮಾತ್ರದ ಗರಿಷ್ಠ ಲೆಕ್ಕ. ಒಂದೇ ಸಮ ಕೊಡುವ ಆರ್‌ಎಂಎಸ್ ಲೆಕ್ಕದಲ್ಲಿ ಚಾನೆಲ್ಲಿಗೆ 20 ವ್ಯಾಟ್ ಆಸುಪಾಸು ಬಂದರೆ ಹೆಚ್ಚು. ದನಿ ಚೆನ್ನಾಗಿರಬೇಕು ಅಂದರೆ ದುಡ್ಡು ಬಾಗಿಲಿನ ಸ್ಪೀಕರ್‌ಗೆ ಹಾಕಿ, ಸ್ಕ್ರೀನ್ ಚಿಕ್ಕದಾದರೂ ಪರವಾಗಿಲ್ಲ. ಆದರೆ ಅಂಗಡಿಯಲ್ಲಿ ಮೊದಲು ಕೇಳಬೇಕಾದ್ದು ಇದ್ಯಾವುದೂ ಅಲ್ಲ. "ನನ್ನ ಗಾಡಿಗೆ ಕಪ್ಲರ್ ಇದೆಯಾ, ತೋರಿಸಿ" ಅನ್ನಿ. ಇಲ್ಲ ಅಂದರೆ ಎದ್ದು ಬನ್ನಿ. ಇದೆ ಅಂದರೂ ಕೆಲಸ ಮುಗಿಯುವ ತನಕ ಪಕ್ಕದಲ್ಲೇ ನಿಂತಿರಿ. ಕಾಫಿ ಆಮೇಲೆ ಕುಡಿದರಾಯಿತು.

ಭಾವನ ಗಾಡಿಯ ಕತ್ತರಿಸಿದ ಸಾಕೆಟ್ ಪುಣ್ಯಕ್ಕೆ ಡ್ಯಾಶ್‌ಬೋರ್ಡ್ ಒಳಗೇ ಬಿದ್ದಿತ್ತು. ಭಾನುವಾರ ಮೀಟರ್ ಇಟ್ಟು ಒಂದೊಂದೇ ವೈರ್ ನೋಡಿ, ಸೋಲ್ಡರ್ ಮಾಡಿ, ಸಾಕೆಟ್ ಮತ್ತೆ ಕೂರಿಸುತ್ತೇನೆ. ಕಪ್ಲರ್ ಮಾತ್ರ ಇನ್ನೂ ಸಿಕ್ಕಿಲ್ಲ. ಮೈಸೂರು, ಮಂಡ್ಯದಲ್ಲಿ ಎಲ್ಲಿ ಸಿಗುತ್ತದೆ ಅಂತ ಗೊತ್ತಿದ್ದವರು ದಯವಿಟ್ಟು ಹೇಳಿ. ಸಾಕೆಟ್ಟಿನ ಫೋಟೊ ಕಳಿಸುತ್ತೇನೆ.